ಬಲಬದಿಯ ಅಂಕಿ

ಪುಸ್ತಕದಲ್ಲಿ ಒಂದು ಕಂಪನಿ ಮೇಜು ಕುರ್ಚಿ ಮಾಡುತ್ತದೆ.
ಓಕ್ ಮರ, ಬಡಗಿಯ ಗಂಟೆ, ಪಾಲಿಶಿನ ಡಬ್ಬಿ.
ಹದಿನೈದು ವರ್ಷದಿಂದ ಅದನ್ನು ಅಳಿಸಿ
ಚಾದರ, ಟವೆಲ್ ಎಂದು ಬರೆಯುತ್ತಿದ್ದೇನೆ,
ಸೊಲ್ಲಾಪುರದ ಅಕ್ಕಲಕೋಟ ರಸ್ತೆಯಲ್ಲಿ, ಟೈರಿನಂಗಡಿಯ ಮಾಳಿಗೆ ಮೇಲೆ,
ಎಂಬಿಎ ಸಂಜೆ ತರಗತಿಗೆ.

ಇಲ್ಲಿ ಪುಸ್ತಕ ಇಂಗ್ಲಿಷು,
ಹಲಗೆಯ ಮುಂದೆ ಮರಾಠಿ,
ಸಂಶಯ ಮಾತ್ರ ಕನ್ನಡದಲ್ಲಿ ಬರುತ್ತದೆ,
ತಾಸು ಮುಗಿದ ಮೇಲೆ, ಮೆಟ್ಟಿಲ ಹತ್ತಿರ,
ದನಿ ತಗ್ಗಿಸಿ.

ಎರಡು ಗೆರೆ ಎಳೆ: ನೂಲಿನದೊಂದು, ಮಗ್ಗದ ಹೊತ್ತಿನದೊಂದು.
ಅವುಗಳ ಕೆಳಗೆ ಉಳಿದ ಬಯಲೇ ನಿನಗೆ ಬಿಟ್ಟ ಲೋಕ.
ಎಲ್ಲಿ ಬೇಕಾದರೂ ನಿಲ್ಲು,
ಲಾಭ ಮಾತ್ರ ಮೂಲೆಯಲ್ಲಿ ಕೂತಿರುತ್ತದೆ.
ಈ ಮಾತನ್ನು ಪ್ರತಿ ವರ್ಷ ಹೇಳುತ್ತೇನೆ,
ಪ್ರತಿ ವರ್ಷ ಯಾರೋ ಒಬ್ಬರು ಬರೆದುಕೊಳ್ಳುತ್ತಾರೆ.
ಯೋಗಿರಾಜ ಬರೆದುಕೊಳ್ಳುವುದಿಲ್ಲ. ಅವರಪ್ಪನವು ಎಂಟು ಪವರ್‌ಲೂಮು.
"ಸರ, ಲೈಟ ಹೋದ್ರ ಈ ಗೆರಿ ಎಲ್ಲಿಗಿ ಹೋಗ್ತೈತ್ರಿ?"
ಎಡಕ್ಕೆ, ಎಂದು ಸರಿಸಿ ತೋರಿಸುತ್ತೇನೆ.
ಬಯಲು ಕುಗ್ಗುತ್ತದೆ. ಅವನ ನಗುವೂ.

ಆಮೇಲೆ ನೆರಳುಬೆಲೆ.
ಇನ್ನೊಂದು ಕಿಲೋ ನೂಲು ಸಿಕ್ಕರೆ ಲಾಭ ಎಷ್ಟು ಏರುವುದೋ
ಅಷ್ಟೇ ಆ ನೂಲಿನ ಕಿಮ್ಮತ್ತು.
ತೀರದೆ ಮಿಕ್ಕಿದ್ದಕ್ಕೆ ಸೊನ್ನೆ.
ಸೊನ್ನೆಯನ್ನು ದುಂಡಗೆ ಬರೆದು
ಕೈಯ ಪುಡಿ ಝಾಡಿಸಿಕೊಂಡೆ.

ಮನೆಯಿಂದ ಒಂದು ಲೆಕ್ಕ ತನ್ನಿ ಎಂದಿದ್ದೆ.
ರೂಪಾಲಿ ಹತ್ತೂರೆ ತಂದದ್ದು ಬೀಡಿ.
ಅವ್ವ ಸುಗಲಾಬಾಯಿ, ದಿನಕ್ಕೆ ಹತ್ತು ತಾಸು.
ಸಾವಿರಕ್ಕೆಂದು ಕಾರ್ಖಾನೆ ತೂಗಿ ಕೊಟ್ಟ ಎಲೆ
ಕತ್ತರಿಸಲು ಕೂತರೆ ಎಂಟುನೂರಕ್ಕೆ ಮುಗಿಯುತ್ತದೆ:
ತೂತು ಬಿದ್ದದ್ದು, ಒಣಕಲು, ನರ ದಪ್ಪನೆಯದು.
ಎಂಟುನೂರಕ್ಕೆ ಎಂಟು ತಾಸು.
ಉಳಿದೆರಡಕ್ಕೆ, ನಾನು ಕಲಿಸಿದಂತೆಯೇ,
ಸಡಿಲು ಎಂದು ಹೆಸರಿಟ್ಟಿದ್ದಾಳೆ.
ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣಗೆ:
ಜೋಳದ ಹಿಟ್ಟು, ನಳದ ಸರದಿ, ಅಜ್ಜಿಯ ಕಾಲಿಗೆ ಎಣ್ಣೆ.

ಮೆಟ್ಟಿಲ ಹತ್ತಿರ ಕೇಳಿದಳು,
"ಹಂಗಂದ್ರ ಅವ್ವನ ತಾಸಿಗೆ ಬೆಲಿ ಸೊನ್ನಿ ಏನ್ರಿ ಸರ?"
ಲೆಕ್ಕದ ಪ್ರಕಾರ ಹೌದು, ಎಂದೆ.
"ಕಾರ್ಖಾನಿ ಮುನೀಮನೂ ಇದನ್ನ ಅಂತಾನ್ರಿ.
ಅಂವಾ ಎಂಬಿಎ ಕಲ್ತಿಲ್ಲ."

ರಾತ್ರಿ ಮೂರು ಸಲ ತಿದ್ದಿದೆ. ಒಂದು ಹೆಜ್ಜೆಯೂ ತಪ್ಪಿಲ್ಲ.
ಹತ್ತಕ್ಕೆ ಹತ್ತು ಹಾಕಿ, ಪೆನ್ನು ಮುಚ್ಚಿ,
ಮತ್ತೆ ತೆರೆದೆ.
ಎಡಕ್ಕೆ ಏನೇ ಬರೆದರೂ ನಾವು ಜಗಳಾಡುತ್ತೇವೆ:
ಎಷ್ಟು ಚಾದರ, ಎಷ್ಟು ಟವೆಲ್, ಯಾವುದು ಮೊದಲು.
ಬಲಬದಿಯ ಅಂಕಿಗೆ ಮಾತ್ರ
ಕೊಟ್ಟಿದೆ, ಎನ್ನುತ್ತೇವೆ. ನೂಲು ಇಷ್ಟು ಕೊಟ್ಟಿದೆ. ಎಲೆ ಇಷ್ಟು ಕೊಟ್ಟಿದೆ.
ಯಾರು ಕೊಟ್ಟರು ಎಂದು
ಹದಿನೈದು ವರ್ಷ ನಾನೂ ಕೇಳಲಿಲ್ಲ,
ಪುಸ್ತಕದ ಹಿಂದಿನ ಉತ್ತರಗಳಲ್ಲೂ ಇರಲಿಲ್ಲ.

ಮರುದಿನ ಎಂಟುನೂರು ಅಳಿಸಿ ಸಾವಿರದಿನ್ನೂರು ಬರೆಸಿದೆ.
ಎಲೆಯ ಗೆರೆ ಹಿಂದೆ ಸರಿಯಿತು, ತಾಸಿನ ಗೆರೆ ಬಿಗಿಯಿತು,
ಸುಗಲಾಬಾಯಿಯ ಒಂದೊಂದು ತಾಸಿಗೂ
ಇಪ್ಪತ್ತೈದು ರೂಪಾಯಿ ಹುಟ್ಟಿತು.
ತರಗತಿ ಚಪ್ಪಾಳೆ ತಟ್ಟಿತು. ರೂಪಾಲಿ ತಟ್ಟಲಿಲ್ಲ.
"ಅವ್ವಗ ಹೇಳೇನ್ರಿ. ಅಂದ್ಳು,
ಖಡೂದಾಗ ಎಲಿ ಯಾರರ ಹೆಚ್ಚ ಮಾಡ್ತಾರ.
ಶನಿವಾರ ನಿಮ್ಮ ಸರನ ಕಾರ್ಖಾನಿಗಿ ಕರಕೊಂಡ ಬಾ,
ತಕ್ಕಡಿ ನೋಡ್ಲಿ."

ಇವತ್ತು ಶುಕ್ರವಾರ.
ಪಾಠ: ಅನಿಶ್ಚಿತದಲ್ಲಿ ನಿರ್ಧಾರ.
ಹಲಗೆಯ ಮೇಲೆ ಒಂದು ಚೌಕ, ಅದರಿಂದ ಎರಡು ಕೊಂಬೆ,
ಹೋಗುವುದು, ಹೋಗದಿರುವುದು.
ಕಾಲೇಜಿನ ಅಧ್ಯಕ್ಷರ ಭಾವನದೇ ಆ ಕಾರ್ಖಾನೆ
ಎಂಬುದನ್ನು ಎಲ್ಲಿ ಬರೆಯಬೇಕೋ ತಿಳಿಯದೆ
ಕೊಂಬೆಯ ತುದಿಗೆ ಖಡು ಒತ್ತಿ ನಿಂತಿದ್ದೇನೆ.
ಎರಡನೇ ಬೆಂಚಿನಲ್ಲಿ ರೂಪಾಲಿ
ನಾನು ಬರೆಯುವ ಅಂಕಿಗೆ ಕಾಯುತ್ತಿದ್ದಾಳೆ.

ಫ್ಯಾನು ನಿಂತಿತು.
ಕತ್ತಲಲ್ಲಿ ಯೋಗಿರಾಜನ ದನಿ:
"ಗೆರಿ ಸರದ್ವು ನೋಡ್ರಿ ಸರ."